ಅಕ್ಕ ಬರೆಸಿದ ನಿಯಮ

ನಮ್ಮಕ್ಕ ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಹಟ. ಇಳಿಯುವ ಸ್ಟಾಪಿನ ಹೆಸರನ್ನು ಪ್ರಯಾಣಿಕರು ಬಾಯಿಬಿಟ್ಟು ಹೇಳದೆ ಟಿಕೆಟ್ ಕೊಡುವುದಿಲ್ಲ. "ಕೊನೇ ಸ್ಟಾಪಾ?" ಎಂದು ಕೇಳಿದರೆ ಅರ್ಧ ಜನ ಸುಮ್ಮನೆ ಹೂಂಗುಟ್ಟುತ್ತಾರಂತೆ, ಆಮೇಲೆ ನಡುದಾರಿಯಲ್ಲಿ ರಂಪ ಮಾಡುತ್ತಾರಂತೆ. ಬಸ್ಸು ತುಂಬಿ ತುಳುಕುತ್ತಿದ್ದರೂ ಜಗ್ಗುವವಳಲ್ಲ. ಡ್ರೈವರ್ ಅವಳಿಗಿಟ್ಟ ಹೆಸರು 'ಹೆಡ್‌ಮೇಡಂ'. ನಾನೂ ಹಾಗೇ ಕರೆದು ಬೇಕಾದಷ್ಟು ಸಲ ಬೈಸಿಕೊಂಡಿದ್ದೇನೆ.

ಭಾವ ಅವಳಿಗೆ ತದ್ವಿರುದ್ಧ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಪುಟ್ಟ ಅಂಗಡಿ ಅವರದು. ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಮೂರು ಕತೆ ಹೇಳಿ ಮುಗಿಸುತ್ತಿದ್ದರು. ಮಿದುಳಿನಲ್ಲಿ ಗೆಡ್ಡೆ ಇದೆ ಎಂದು ತಿಳಿದ ದಿನವೂ, "ಸದ್ಯ, ನನ್ನ ತಲೆಯೊಳಗೆ ಏನೋ ಒಂದು ಇದೆ ಅಂತ ಈಗಲಾದ್ರೂ ಒಪ್ಕೋತೀಯಲ್ಲ" ಎಂದು ಅಕ್ಕನನ್ನು ರೇಗಿಸಿದರು. ಅಕ್ಕ ನಗಲಿಲ್ಲ. ಆಪರೇಷನ್ ಆಯಿತು, ಮೂವತ್ತು ದಿನ ತಲೆಗೆ ಕಿರಣ ಕೊಟ್ಟರು, ಹತ್ತು ತಿಂಗಳು ಕಾಯಿಲೆ ಸುಮ್ಮನಿತ್ತು.

ಆ ಹತ್ತು ತಿಂಗಳಲ್ಲೇ ಕಿರಣ ಚಿಕಿತ್ಸೆಯ ಡಾಕ್ಟ್ರಮ್ಮ ಅಕ್ಕನಿಗೆ ಹೇಳಿಕಳಿಸಿದರು. ಗೆಡ್ಡೆ ಮರಳಿ ಬಂದವರಿಗೆ ಇನ್ನೊಮ್ಮೆ, ಐದೇ ಸಲ, ಕಿರಣ ಕೊಟ್ಟು ನೋಡುವ ಟ್ರಯಲ್ ಒಂದನ್ನು ಅವರು ಸಿದ್ಧಮಾಡುತ್ತಿದ್ದರು. ಅದರ ನಿಯಮ ಬರೆಯುವಾಗ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಜೊತೆಯಲ್ಲಿ ಕೂರಬೇಕು ಎಂಬುದು ಅವರ ಇರಾದೆ. ಬೆಳಗಿನ ಪಾಳಿ ಮುಗಿಸಿ ಅಕ್ಕ ಯೂನಿಫಾರ್ಮಿನಲ್ಲೇ ಆಸ್ಪತ್ರೆಯ ಎರಡನೇ ಮಹಡಿಗೆ ಹೋಗುತ್ತಿದ್ದಳು. ಉದ್ದನೆಯ ಮೇಜು, ಗೋಡೆಯ ಮೇಲೆ ಪರದೆ, ಯಾರೂ ಮುಟ್ಟದ ಒಂದು ತಟ್ಟೆ ಬಿಸ್ಕತ್ತು. ಮೊದಲೆರಡು ಸಭೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲವಂತೆ. ಮೂರನೆಯದರಲ್ಲಿ ಬಾಯಿ ಬಂತು.

"ಬೆಳಗ್ಗೆ ಎಂಟಕ್ಕೆ ಬರಬೇಕು ಅಂತ ಬರೆದಿದ್ದೀರಲ್ಲ, ಆ ಹೊತ್ತಿನ ಬಸ್ಸು ನೋಡಿದ್ದೀರಾ? ತಲೆಸುತ್ತಿರೋ ಮನುಷ್ಯ ಎಲ್ಲಿ ನಿಲ್ಲಬೇಕು?"

ಎಂಟು ಹೋಗಿ ಹನ್ನೊಂದಾಯಿತು. ರೋಗಿ ಎಷ್ಟು ತಿಂಗಳು ಬದುಕಿದರು ಎಂಬುದರ ಜೊತೆಗೆ, ಮನೆಯವರ ಗುರುತು ಎಷ್ಟು ದಿನ ಸಿಕ್ಕಿತು ಎಂಬುದನ್ನೂ ಬರೆದಿಡಬೇಕೆಂದಳು. ಅದೂ ಸೇರಿತು.

ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ರೋಗಿಗೆ ಅರ್ಥವಾಗದ ಸ್ಥಿತಿಯಿದ್ದರೆ ಮನೆಯವರ ಸಹಿ ಸಾಕು. ಅಕ್ಕ ಎದ್ದು ನಿಂತಳು. ಭಾವನಿಗೆ ಕಿರಣ ಕೊಡುತ್ತಿದ್ದಾಗ ಅವರ ಮುಂದಿನ ಸರದಿ ಒಬ್ಬ ಮುದುಕರದು. ಸಹಿ ಹಾಕಿದ್ದು ಅವರ ಮಗ.

"ತಲೆ ಅಲುಗಬಾರದು ಅಂತ ಮುಖಕ್ಕೆ ಬಲೆ ಬಿಗಿದಾಗೆಲ್ಲ 'ನಾನೇನು ತಪ್ಪು ಮಾಡ್ದೆ, ಬಿಟ್ಬಿಡಿ' ಅಂತ ಅಳ್ತಿದ್ರು. ದಿನಾ ಕೇಳಿಸ್ಕೊಂಡಿದ್ದೀನಿ. ಮನೆಯವರನ್ನ ನಂಬಬೇಡಿ ಡಾಕ್ಟ್ರೇ. ಆಸೆಗೆ ಬಿದ್ದು ಎಲ್ಲಿ ಬೇಕಾದ್ರೂ ಸಹಿ ಹಾಕ್ತೀವಿ. ನಾನೂ ಹಾಕ್ತೀನಿ."

ಹಾಗೆ ಆ ನಿಯಮ ಬಂತು. ತನಗೆ ಏನು ಮಾಡುತ್ತಾರೆಂದು ರೋಗಿಯೇ ತನ್ನ ಮಾತಿನಲ್ಲಿ ಹೇಳಬೇಕು. ಬೇರೆ ಬೇರೆ ದಿನ ಮೂರು ಅವಕಾಶ. ಹೇಳಲಾಗದಿದ್ದರೆ ಟ್ರಯಲ್‌ಗೆ ಸೇರಿಸುವಂತಿಲ್ಲ. "ಹೆಡ್‌ಮೇಡಂ ಆಸ್ಪತ್ರೇಲೂ ಶುರು ಹಚ್ಕೊಂಡ್ರು" ಎಂದು ಭಾವ ಚಪ್ಪಾಳೆ ತಟ್ಟಿದರು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಟ್ರಯಲ್ ಶುರುವಾದ ತಿಂಗಳಲ್ಲೇ ಭಾವನ ಗೆಡ್ಡೆ ಮರಳಿ ಬಂತು. ಮೊದಲು ಹೋಗಿದ್ದು ಮಾತು. ಆ ಬಾಯಲ್ಲಿ "ಹೂಂ" ಬಿಟ್ಟರೆ ನಾಲ್ಕಾರು ಪದ ಮಾತ್ರ ಉಳಿದವು. ಟ್ರಯಲ್‌ನ ಹೊರಗೆ ಎರಡನೇ ಸಲ ಕಿರಣ ಕೊಡುವ ಪದ್ಧತಿ ಆ ಆಸ್ಪತ್ರೆಯಲ್ಲಿರಲಿಲ್ಲ. ಮೊದಲ ದಿನ ಡಾಕ್ಟ್ರಮ್ಮ ನಿಧಾನವಾಗಿ ಎಲ್ಲ ವಿವರಿಸಿ, "ಈಗ ನೀವು ಹೇಳಿ" ಎಂದರು. ಭಾವ ಕಿಟಕಿ ನೋಡಿ "ಹೂಂ" ಎಂದರು. ಎರಡನೇ ದಿನವೂ ಅಷ್ಟೆ.

"ನಿಯಮ ಬದಲಾಯಿಸಿ ಅನ್ನು. ನೀನೇ ಅಲ್ವಾ ಬರೆಸಿದ್ದು?" ಎಂದು ಅಕ್ಕನ ಮೇಲೆ ಹರಿಹಾಯ್ದೆ.

"ಯಾವ ಮುಖ ಇಟ್ಕೊಂಡು ಕೇಳ್ಲಿ? ಆ ಮುದುಕರ ಮಗನ್ನ ಎಲ್ಲರೆದುರು ಆಡ್ಕೊಂಡವಳು ನಾನು."

ಕೇಳಲಿಲ್ಲ. ಅದರ ಬದಲು ರಜೆ ಹಾಕಿ ಭಾವನಿಗೆ ಪಾಠ ಮಾಡಲು ಕೂತಳು. ಅದು ಮೋಸ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಡುಗೆಮನೆಯ ಮೇಜಿನೆದುರು ಕೂರಿಸಿಕೊಂಡು, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ತಲೆಗೆ ಕಿರಣ. ಐದು ಸಲ. ಹೇಳ್ರೀ" ಎನ್ನುತ್ತಿದ್ದಳು. ಅವಳಿಗೆ ಸಾಕಾದರೆ ನಾನು ಕೂರುತ್ತಿದ್ದೆ. ಆರನೇ ದಿನ ಭಾವ ಒಂದಕ್ಷರ ತಪ್ಪದೆ ಹೇಳಿದರು. ನಾವಿಬ್ಬರೂ ತಬ್ಬಿಕೊಂಡು ಅತ್ತೆವು.

ಮೂರನೇ ಅವಕಾಶದ ದಿನ ಭಾವನಿಗೆ ಶೇವ್ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಕರೆದೊಯ್ದೆವು. ಡಾಕ್ಟ್ರಮ್ಮ ಕೇಳಿದರು.

"ತಲೆಗೆ ಕಿರಣ," ಎಂದರು ಭಾವ. "ಐದು ಸಲ."

ಡಾಕ್ಟ್ರಮ್ಮನ ಮುಖ ಅರಳಿತು. ಅವರಿಗೂ ಭಾವನನ್ನು ಸೇರಿಸಿಕೊಳ್ಳುವ ಆಸೆಯೇ. ಕಾಗದ ಹತ್ತಿರ ಎಳೆದುಕೊಂಡು ಪೆನ್ನು ತೆಗೆದರು. ಆಗ ನಮ್ಮಕ್ಕ, ಸುಮ್ಮನಿರಬಾರದಿತ್ತೇ, ಭಾವನ ಕಡೆ ಬಾಗಿ ಕೇಳಿದಳು:

"ಯಾರ ತಲೆಗೆ ರೀ?"

ಭಾವ ಅವಳನ್ನೇ ನೋಡಿದರು. ಎಡಗೈ ಎತ್ತಿ ಅವಳ ನೆತ್ತಿಯ ಮೇಲಿಟ್ಟು ಸವರಿದರು. ಕಣ್ಣಲ್ಲಿ ನೀರಾಡುತ್ತಿತ್ತು.

"ನಿಂಗೆ," ಎಂದರು. "ಪಾಪ."

ಡಾಕ್ಟ್ರಮ್ಮ ಪೆನ್ನು ಮುಚ್ಚಿದರು. ಅಕ್ಕ ಭಾವನ ಕೈಯನ್ನು ತಲೆಯ ಮೇಲಿಂದ ತೆಗೆಯಲೂ ಇಲ್ಲ, ಅಳಲೂ ಇಲ್ಲ. ಹೊರಗೆ ಬಂದ ಮೇಲೆ, "ಯಾಕೆ ಕೇಳ್ದೆ? ಯಾಕೆ ಕೇಳ್ದೆ ನೀನು?" ಎಂದು ಅವಳ ರಟ್ಟೆ ಹಿಡಿದು ಅಲುಗಾಡಿಸಿದೆ.

"ಗೊತ್ತಾಗ್ಬೇಕಿತ್ತು ಕಣೇ," ಎಂದಳು, ಅಷ್ಟೆ.

ಅವಳನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ. ಅವಳು ತಪ್ಪು ಮಾಡಿದಳು ಎನ್ನಲೂ ಆಗುವುದಿಲ್ಲ. ಭಾವ ಆಮೇಲೆ ಏಳು ವಾರ ಇದ್ದರು. ಕಾಯಿಲೆ ಅಕ್ಕನಿಗೇ ಎಂಬ ನಂಬಿಕೆ ಅವರನ್ನು ಬಿಡಲಿಲ್ಲ. ಅವಳು ನೀರು ತರಲು ಒಳಗೆ ಹೋದರೂ ಸಾಕು, ನನ್ನ ಕೈ ಹಿಡಿದೆಳೆದು ಅವಳ ಹಿಂದೆ ಹೋಗೆಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ನಾನು ಹೋಗುತ್ತಿದ್ದೆ. ಅಕ್ಕ ನಲ್ಲಿ ತಿರುಗಿಸಿಕೊಂಡು, ಚೊಂಬು ತುಂಬಿ ಹರಿದರೂ ತೆಗೆಯದೆ, ಹಾಗೇ ನಿಂತಿರುತ್ತಿದ್ದಳು.