ಗೋಡೆಗೆ ಅಂಟಿಸಿದ ಪಾಸ್‌ವರ್ಡ್

ನಮ್ಮ ಮನೆಗೆ ಬರುವವರು ಈಗ ಚಪ್ಪಲಿ ಬಿಡುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ನೀರು ಆಮೇಲೆ, ಕಾಫಿ ಆಮೇಲೆ. ‘ಚೆನ್ನಾಗಿದ್ದೀರಾ’ ಎಂಬ ಮಾತು ಫೋನಿಗೆ ನೆಟ್ ಬಂದಮೇಲೆ. ಇಷ್ಟು ದಿನ ಇದನ್ನು ತಮಾಷೆಯಾಗಿ ಹೇಳಿಕೊಂಡು ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ, ಕೋಪ ಬರುತ್ತಿದೆ. ಅದೂ ಯಾರ ಮೇಲೆ ಎಂದು ಗೊತ್ತಾಗದ ಕೋಪ. ಅಂಥದ್ದನ್ನು ಇಟ್ಟುಕೊಳ್ಳಲೂ ಆಗುವುದಿಲ್ಲ, ಯಾರಿಗೂ ಕೊಡಲೂ ಆಗುವುದಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮವಾಗಿ ಹೇಳಿದ ಕೂಡಲೇ ಎಲ್ಲವೂ ಸ್ವಲ್ಪ ಸುಳ್ಳಾಗುತ್ತದೆ, ನೀವೂ ಎಚ್ಚರವಾಗಿರಿ.

ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ತಿ. ನರಸೀಪುರದ ನಮ್ಮ ಮನೆಗೆ ಬಂದು ಹಾಸಿಗೆ ಹಿಡಿದಳು. ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರು, ದಿನವೂ ಬಸ್ಸಿನಲ್ಲಿ ಓಡಾಡುವವನು. ನನ್ನ ಹೆಂಡತಿ ಲತಾ ಅವ್ವನ ಬೆಳಗಿನ ಆರೈಕೆ ಮುಗಿಸಿ ತನ್ನ ಹೊಲಿಗೆ ಅಂಗಡಿಗೆ ಹೋಗುತ್ತಾಳೆ, ಊಟದ ಹೊತ್ತಿಗೆ ವಾಪಸು ಬರುತ್ತಾಳೆ. ಆ ನಡುವಿನ ಎರಡು ಗಂಟೆಗೆಂದು ಅವ್ವನ ಕೋಣೆಯಲ್ಲಿ ಕ್ಯಾಮೆರಾ ಇಡಿಸಿದೆ. ಮುಷ್ಟಿಯಷ್ಟು ಗಾತ್ರದ್ದು, ಮನೆಯ ವೈಫೈ ಹಿಡಿದು ಕೋಣೆಯನ್ನು ನನ್ನ ಫೋನಿಗೆ ಕಳಿಸುವಂಥದ್ದು. ಅದು ನನ್ನ ಮೊಬೈಲ್ ನಂಬರನ್ನೂ ಒಂದು ಪಾಸ್‌ವರ್ಡನ್ನೂ ಕೇಳಿತು. ಎರಡೆರಡು ಪಾಸ್‌ವರ್ಡ್ ನೆನಪಿಡುವವರು ಯಾರೆಂದು ವೈಫೈದನ್ನೇ ಕೊಟ್ಟೆ.

ವೈಫೈದು ‘ನಂಜುಂಡ’, ಮುಂದೆ ಒಂದು ಎರಡು ಮೂರು. ನಮ್ಮ ಸೀಮೆಯ ಅರ್ಧ ಮನೆಗಳದ್ದು ಇದೇ ಇರಬೇಕು. ಲೋಕದ ವಿಷವನ್ನೇ ಗಂಟಲಲ್ಲಿ ತಡೆದವನಲ್ಲವೇ ಎಂದು ಅವನಿಗೆ ರೂಟರ್ ಕಾಯುವ ಕೆಲಸವನ್ನೂ ಹೊರಿಸಿದ್ದೇವೆ. ಮಗುವಿಗೆ, ಲಾರಿಗೆ, ಹೋಟೆಲಿಗೆ, ರೂಟರಿಗೆ ಒಂದೇ ಹೆಸರು. ಕಳ್ಳನ ಹೆಸರೂ ಬಹುಶಃ ಅದೇ.

ಹೋದ ಭಾನುವಾರ ದೇವನೂರಿನಿಂದ ಅಕ್ಕ ಫೋನ್ ಮಾಡಿದಳು. ಅಕ್ಕ ಅವ್ವನ ಹಿರಿಮಗಳು. ಮದುವೆಯಾಗಿ ಮೂವತ್ತು ವರ್ಷವಾದರೂ ತವರಿನ ಆಡಳಿತ ಬಿಟ್ಟುಕೊಟ್ಟವಳಲ್ಲ. ಲತಾ ಫೋನನ್ನು ಸ್ಪೀಕರಿಗೆ ಹಾಕಿ ಚಟ್ನಿ ರುಬ್ಬಲು ಕಾಯಿ ತುರಿಯುತ್ತಿದ್ದಳು.

“ಏನ್ ಲತಾ, ಒಂಬತ್ತೂವರೆ ಆಯ್ತು, ಅವ್ವಂಗಿನ್ನೂ ಇಡ್ಲಿ ಕೊಟ್ಟಿಲ್ವಲ್ಲ?”

“ಯಾರು ಹೇಳಿದ್ರು ಅಕ್ಕ?”

“ಯಾರೂ ಏಳ್ಬೇಕಾಗಿಲ್ಲ ಕಣವ್ವ, ಕಾಣ್ತಾ ಅದೆ. ದಿಂಬೂ ಒಂದ್ ಕಡೀಕೆ ಜಾರೋಗದೆ, ಓಗಿ ನೋಡು.”

ಲತಾ ಹೋಗಿ ನೋಡಿದಳು. ದಿಂಬು ಜಾರಿತ್ತು.

ನಾನು ಫೋನ್ ಕಿತ್ತುಕೊಂಡೆ. “ನಿಂಗೆ ಹೆಂಗೆ ಕಾಣ್ತದೆ?”

“ಟೀವೀಲಿ ಕಣ್ಲಾ. ಫೋನಲ್ಲಿ ಸಣ್ಣಕೆ ಕಾಣ್ತದೆ ಅಂತ ನಿಮ್ ಭಾವ ಟೀವಿಗೆ ಆಕ್ಕೊಟ್ಟವ್ರೆ.”

ಭಾವ ಅಂದರೆ ಅವ್ವನ ಅಳಿಯ. ಅವರು ಬಂದರೆ ಅವ್ವ ಸೆರಗನ್ನು ತಲೆಗೆಳೆದುಕೊಂಡು ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಇನ್ನಷ್ಟು ಸಾರು ಬೇಕೇ ಎಂದು ಅಳಿಯನನ್ನು ಕೇಳಬೇಕಾದರೂ ನನ್ನ ಬಾಯಿಂದ ಕೇಳಿಸುತ್ತಿದ್ದಳು. ಆ ಅಳಿಯನ ಮನೆಯ ಟೀವಿಯಲ್ಲಿ ಅವ್ವ ಮಲಗಿದ್ದಳು. ಲತಾ ದಿನಾ ಬೆಳಿಗ್ಗೆ ಅವ್ವನ ರವಿಕೆ ಬಿಚ್ಚಿ ಮೈ ಒರೆಸುವುದು ಆ ಕೋಣೆಯಲ್ಲೇ, ಆ ಕ್ಯಾಮೆರಾದ ಎದುರೇ. ಇದು ನನಗೆ ಹೊಳೆಯುವ ಹೊತ್ತಿಗೆ ಲತಾಳಿಗೆ ಹೊಳೆದು ಅವಳ ಮುಖ ಬಿಳಿಚಿತ್ತು.

“ನಾಚ್ಕೆ ಆಗಲ್ವಾ ನಿಮ್ಗೆ?” ಎಂದು ಅಕ್ಕನ ಮೇಲೆ ಕಿರುಚಿದೆ.

“ಎತ್ತವ್ವನ್ನ ನೋಡಾಕೆ ನಾಚ್ಕೆ ಯಾಕ್ಲಾ? ಮೈ ಒರ್ಸೋವಾಗ ನಿಮ್ ಭಾವ ಎದ್ದೋಯ್ತಾರೆ.”

“ಎದ್ದೋಗ್ತಾರೆ ಅಂದ್ರೆ ಅಲ್ಲೀಗಂಟ ಕೂತಿರ್ತಾರೆ!”

“ಕದ್ದು ನೋಡಿದ್ವೇನ್ಲಾ? ನಿನ್ ನಂಬರು ನಂಗೊತ್ತಿಲ್ವಾ? ಪಾಸ್‌ವರ್ಡ್‌ನ ಗ್ವಾಡೆಗೆ ಅಂಟ್ಸಿದ್ದು ಯಾರು?”

ಯಾರು? ನನ್ನ ನೆನಪಿನಲ್ಲಿ ಅದನ್ನು ಅಂಟಿಸಿದ್ದು ಭಾವನೇ. ಅವ್ವನನ್ನು ನೋಡಲು ನೆಂಟರು ರಸಬಾಳೆ, ಬಿಸ್ಕತ್ತು ಹಿಡಿದು ಬಂದು, ಒಬ್ಬೊಬ್ಬರೂ ಪಾಸ್‌ವರ್ಡ್ ಕೇಳುತ್ತಿದ್ದ ವಾರ ಅದು. ಭಾವ ಬೇಸತ್ತು ಒಂದು ಹಾಳೆಯ ಮೇಲೆ ಬರೆದು ನಡುಮನೆಯ ಗೋಡೆಗೆ ಅಂಟಿಸಿದರು. ಅವರ ಕೈ, ಗೋಂದಿನ ಬಾಟಲಿ, ಎಲ್ಲವೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗೆಂದು ಲತಾಳಿಗೆ ಹೇಳಿದೆ.

“ಮಾರ್ಕರಲ್ಲಿ ಬರೆದು ಸುತ್ತ ಬಳ್ಳಿ ಬಿಡಿಸಿದಾರಲ್ಲ, ಭಾವಂಗೆ ಬಳ್ಳಿ ಬಿಡ್ಸೋಕೆ ಬರತ್ತೇನ್ರೀ?” ಎಂದಳು.

ಹಾಳೆ ಇನ್ನೂ ಗೋಡೆಯ ಮೇಲೇ ಇತ್ತು. ಅಕ್ಷರ ನನ್ನದು, ಬಳ್ಳಿಯೂ ನನ್ನದು. ಮೂಲೆಗಳಲ್ಲಿ ಎರಡೆರಡು ಎಲೆ ಬೇರೆ. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಸುವಿಚಾರ ಬರೆದ ಕೈ ಎಲ್ಲಿಗೆ ಹೋದೀತು? ಹಾಗಾದರೆ ಭಾವನ ಆ ಕೈಯನ್ನು, ಗೋಂದಿನ ಬಾಟಲಿಯನ್ನು ನನ್ನ ತಲೆಯೊಳಗೆ ಇಟ್ಟವರು ಯಾರು? ನನಗೆ ಬೇಕಾದಾಗ ಬೇಕಾದವರ ಮೇಲೆ ಸಾಕ್ಷಿ ಹೇಳುವ ಇಂಥ ನೆನಪನ್ನು ನಂಬಿಕೊಂಡು ಜನ ಆತ್ಮಕಥೆ ಬೇರೆ ಬರೆಯುತ್ತಾರೆ.

ಹಾಳೆ ಹರಿದೆ. ಮಧ್ಯಾಹ್ನವೆಲ್ಲ ರೂಟರಿನ ಮುಂದೆ ಕೂತೆ. ಹೊಸ ಪಾಸ್‌ವರ್ಡ್ ಹಾಕಿದೆ: ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳ ಸಾಲು. ನವ್ಯಕಾವ್ಯವನ್ನು ಹಾಗೆಂದು ಬೈಯುವವರು ಊರಲ್ಲಿ ಬಹಳ ಇದ್ದಾರೆ. ಅದು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಕ್ಯಾಮೆರಾಕ್ಕೆ ಬೇರೆಯದೇ ಪಾಸ್‌ವರ್ಡ್ ಕೊಟ್ಟು, ಅದಕ್ಕೆ ಅಂಟಿಕೊಂಡಿದ್ದ ಫೋನುಗಳನ್ನೆಲ್ಲ ಹೊರಗೆ ಹಾಕಿದೆ. ಐದಿದ್ದವು. ಅಕ್ಕನದು, ಭಾವನದು ಬಿಟ್ಟರೆ ಉಳಿದ ಮೂರು ಯಾರವೆಂದು ಈಗಲೂ ಗೊತ್ತಿಲ್ಲ. ಪಾಸ್‌ವರ್ಡ್ ಮರೆತರೆ ಸಹಾಯಕ್ಕೆಂದು ಕ್ಯಾಮೆರಾ ‘ನೀವು ಓದಿದ ಮೊದಲ ಶಾಲೆ ಯಾವುದು’ ಎಂದು ಕೇಳಿತು. ಇದನ್ನು ನಮ್ಮೂರಲ್ಲಿ ಹಾಲು ಹಾಕುವವನೂ ಹೇಳಿಯಾನು. ಸುಳ್ಳು ಉತ್ತರ ಕೊಟ್ಟೆ. ಸುಳ್ಳಿನಲ್ಲಿ ನನಗಿರುವ ಅಭ್ಯಾಸ ನೀವು ಈಗಷ್ಟೇ ನೋಡಿದ್ದೀರಿ.

ನೆಂಟರಿಗೆ ನೆಟ್ ಇಲ್ಲವೆನ್ನುವಂತಿಲ್ಲವಲ್ಲ. ಅದಕ್ಕೂ ದಾರಿ ಇತ್ತು. ಅದೇ ರೂಟರಿನಲ್ಲಿ ಅತಿಥಿಗಳಿಗೆಂದು ಬೇರೊಂದು ವೈಫೈ ತೆರೆಯಬಹುದು. ಅವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯೊಳಗಿನ ಕ್ಯಾಮೆರಾ, ಕಂಪ್ಯೂಟರು ಸಿಗುವುದಿಲ್ಲ. ಅದಕ್ಕೆ ‘ಜಗಲಿ’ ಎಂದು ಹೆಸರಿಟ್ಟೆ. ಹಳೆಯ ಮನೆ ಕಟ್ಟಿದವರಿಗೆ ಇದು ಗೊತ್ತಿತ್ತು. ದಾರಿಹೋಕನೂ ಜಗಲಿಯ ಮೇಲೆ ಮಲಗಬಹುದು, ನಡುಮನೆಗೆ ನೆಂಟರು, ಒಳಕೋಣೆಗೆ ಮನೆಯವರು. ಜಗಲಿ ಒಡೆದು ಕಾಂಪೌಂಡ್ ಕಟ್ಟಿದ್ದೇವೆ; ಯಾರನ್ನು ಎಲ್ಲಿ ಕೂರಿಸಬೇಕೆಂಬ ಲೆಕ್ಕವನ್ನೂ ಅದರ ಜೊತೆಗೇ ಒಡೆದಿದ್ದೇವೆ.

ಹೀಗೆ ಒಂದು ಮಧ್ಯಾಹ್ನದಲ್ಲಿ ಭದ್ರತೆಯೂ ಅನುಕೂಲವೂ ಒಟ್ಟಿಗೆ ಸಿದ್ಧಿಸಿದವು ಎಂದು ಬೀಗುತ್ತ ಎದ್ದೆ.

“ಅತ್ತೆಗೆ ಹೇಳಲ್ವಾ?” ಎಂದಳು ಲತಾ.

ಹೇಳದಿದ್ದರೆ ಅವ್ವನಿಗೆ ನೋವಿಲ್ಲ, ನಿಜ. ಆದರೆ ಅದು ಅವಳ ಮೈ. ಹೋಗಿ, ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಅವ್ವ ಸೂರು ನೋಡುತ್ತ ಕೇಳಿಸಿಕೊಂಡಳು. ಮಲಗಿದಲ್ಲೇ ಸೆರಗನ್ನು ಕತ್ತಿನವರೆಗೆ ಎಳೆದುಕೊಂಡಳು.

“ಅಳಿಯಂದ್ರೂ ನೋಡಿದ್ರಾ?”

“ಹೂಂ.”

“ನೀನು?”

“ನಾನು ಬಸ್ಸಲ್ಲಿ ನೋಡ್ತಿದ್ದೆ ಅವ್ವ. ನಿಂಗೇನಾದ್ರೂ ಆದ್ರೆ ಅಂತ.”

“ಬಸ್ಸಲ್ಲಿ ಪಕ್ಕದಾಗೆ ಕೂತೋರು?”

ಒಮ್ಮೆ ಪಕ್ಕದ ಸೀಟಿನವನು ಬಗ್ಗಿ ನೋಡಿ, “ಯಾರು ಸಾ, ತಾಯೋರಾ?” ಎಂದು ಕೇಳಿದ್ದ. ನಾನು ಅವನಿಗೆ ಚೆನ್ನಾಗಿ ಕಾಣಲೆಂದು ಫೋನನ್ನು ಆ ಕಡೆಗೆ ವಾಲಿಸಿದ್ದೆ. ಎಂಥ ಮಗ ಎಂದು ಅವನು ಮೆಚ್ಚಿಕೊಂಡಿದ್ದ. ಈ ನೆನಪನ್ನೂ ಅನುಮಾನಿಸಲು ನೋಡಿದೆ. ಆಗಲಿಲ್ಲ.

“ಕಿತ್ತಾಕು ಅದ,” ಎಂದಳು ಅವ್ವ.

“ನಾವಿಬ್ರೂ ಇಲ್ದಾಗ ಏನಾದ್ರೂ ಆದ್ರೆ?”

“ದೇವ್ರ ಮನೆ ಗಂಟೆ ತಂದು ತಲೆದೆಸೇಲಿ ಮಡಗು, ಬಾರಿಸ್ತೀನಿ. ಪಕ್ಕದ್ಮನೆ ಪುಟ್ಟತಾಯಿಗೆ ಕಿವಿ ಸಂದಾಗಿ ಕೇಳ್ತದೆ. ಅವಳು ಬತ್ತಾಳೆ. ಬಂದೋಳು ಮಾತೂ ಆಡ್ತಾಳೆ.”

ಮೊಳೆ ಸಮೇತ ಕಿತ್ತೆ. ಪುಟ್ಟತಾಯಿಗೆ ಒಂದು ಬೀಗದ ಕೈ ಕೊಟ್ಟು ಬಂದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನೂ ಬಿಟ್ಟಿದ್ದೇನೆ, ಆದರೆ ಮೊದಲಿನ ಹುರುಪಿಲ್ಲ.

ಮರುದಿನ ಬೆಳಿಗ್ಗೆ, ಬಸ್ಸಿಗೆ ಹೊರಡುವ ಮೊದಲು ಅವ್ವನ ಕೋಣೆಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು. ನೂಕಲು ಎತ್ತಿದ ಕೈಯನ್ನು ತಡೆದು, ತಟ್ಟಿದೆ. ಐವತ್ತು ದಾಟಿದ ಮೇಲೆ, ಅವ್ವನ ಕೋಣೆಯ ಬಾಗಿಲನ್ನು ಮೊದಲ ಬಾರಿಗೆ ತಟ್ಟಿದೆ.

“ಯಾರು?”

“ನಾನೇ ಅವ್ವ.”

“ತಡಿ.”

ಒಳಗೆ ಮಂಚ ಕಿರುಗುಟ್ಟಿತು, ಬಳೆ ಸದ್ದಾಯಿತು. ಆಚೆ ರಸ್ತೆಯಲ್ಲಿ ನಂಜನಗೂಡಿನ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ನಿಂತೇ ಇದ್ದೆ. ಅವ್ವ ಇನ್ನೂ ಬಾ ಅಂದಿರಲಿಲ್ಲ.