ಜೋಳದ ಹಿಟ್ಟಿನ ಹಿಮನದಿ

ಹೋದ ವಾರ ಪಕ್ಕದ ಮನೆಯವರು ಅಡುಗೆಮನೆ ದೊಡ್ಡದು ಮಾಡಿಸಲೆಂದು ಹಿತ್ತಲಲ್ಲಿ ಪಾಯ ತೋಡಿಸಿದರು. ಬೆಳಿಗ್ಗೆ ಕಿಟಕಿ ತೆರೆದೊಡನೆ ಆ ವಾಸನೆ ಮೂಗಿಗೆ ಬಡಿಯಿತು. ಹಸಿ ಜೇಡಿಮಣ್ಣಿನ ತಣ್ಣನೆಯ, ಸ್ವಲ್ಪ ತುಕ್ಕಿನಂಥ ವಾಸನೆ. ಬೇಲಿಯಾಚೆ ಕೆಂಗಂದು ಮಣ್ಣಿನ ಗುಡ್ಡೆ, ಅದರ ತುಂಬ ಬಟಾಣಿಯಿಂದ ಹಿಡಿದು ಕುಂಬಳಕಾಯಿಯವರೆಗೆ ಎಲ್ಲ ಗಾತ್ರದ ಕಲ್ಲುಗಳು. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ನಮ್ಮ ಭಾಗದಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಇದೇ ಮಣ್ಣು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಹಿಮನದಿ ತಂದು ಸುರಿದು ಹೋದದ್ದು. ಇದನ್ನು ಕಂಡರೆ ನನಗೆ ನೆನಪಾಗುವುದು ಒಬ್ಬರೇ. ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಪಕ್ಕದ ಮನೆಯಲ್ಲಿ ಧಾರವಾಡದ ಅಕ್ಕ ಇದ್ದರು. ಅವರ ಯಜಮಾನರೂ ನನ್ನ ಗಂಡನೂ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರು. ಇಬ್ಬರ ಡ್ಯೂಟಿ ಪಟ್ಟಿಯಲ್ಲೂ ಒಂದೇ ಭಾನುವಾರ ಬಿಡುವು ಬಿದ್ದರೆ ನಮ್ಮೆರಡು ಮನೆಗೂ ಅದೇ ಹಬ್ಬ. ಅಕ್ಕನಿಗೆ ಮಕ್ಕಳಿರಲಿಲ್ಲ. ನನಗೆ ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ನಾನು ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮಾಡಿ, ಮದುವೆಯಾಗಿ, ಪದವಿಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದವಳು.

ಅಕ್ಕ ಹಿತ್ತಲಲ್ಲಿ ಮೆಂತ್ಯ ಬಿತ್ತಲು ಹೊರಟರೆ ಮಣ್ಣಿಗಿಂತ ಹೆಚ್ಚಾಗಿ ಕಲ್ಲೇ ಏಳುತ್ತಿತ್ತು. ಬೇರೆಯವರಾದರೆ ಶಪಿಸಿ ಎಸೆಯುತ್ತಿದ್ದರು. ಇವರು ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಬೇಲಿಯ ಮೇಲಿಂದ ನನ್ನ ಮುಖಕ್ಕೆ ಹಿಡಿಯುತ್ತಿದ್ದರು.

“ತಂಗಿ, ನೀ ಕಲ್ಲು ಓದಿದಾಕಿ ಅಂತಲ್ಲ. ಹೇಳ್ ನೋಡೋಣು, ಇದು ಯಾವೂರಿಂದು?”

ನಮ್ಮವರು ಹೊಸಬರನ್ನು ಕಂಡರೆ ಮೊದಲು ಕೇಳುವ ಪ್ರಶ್ನೆಯನ್ನೇ ಅವರು ಕಲ್ಲಿಗೂ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಈ ಹಸಿರು ಛಾಯೆಯದು ಲೇಕ್ ಡಿಸ್ಟ್ರಿಕ್ಟ್ ಬೆಟ್ಟಸೀಮೆಯ ಹಳೆಯ ಜ್ವಾಲಾಮುಖಿಯ ಕಲ್ಲು, ಈ ಚುಕ್ಕೆಯದು ಸ್ಕಾಟ್‌ಲೆಂಡಿನ ಗ್ರಾನೈಟ್. ಇವೆಲ್ಲ ಪರಸ್ಥಳದವು, ಈ ಊರಿನದೇ ಆದ ಕೆಂಪು ಮರಳುಗಲ್ಲು ಅಡಿಯಲ್ಲಿದೆ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ವಾಯವ್ಯದಿಂದ ಸರಿಯುತ್ತ ಬಂದು, ಬೆಟ್ಟಗಳನ್ನು ಕೆರೆದು, ಕೆರೆದದ್ದನ್ನೆಲ್ಲ ಹೊತ್ತು ತಂದು, ಇಲ್ಲಿ ಕರಗಿತು… ಅಕ್ಕ ಕೆಸರು ಕೈಯಲ್ಲೇ ನಿಂತು ಕೇಳುತ್ತಿದ್ದರು. ಒಲೆಯ ಮೇಲೆ ನನ್ನ ಸಾರು ಉಕ್ಕುತ್ತಿತ್ತು.

ಮಗಳಿಗೂ ಇದನ್ನೆಲ್ಲ ಹೇಳಿಕೊಡಬೇಕೆಂಬ ಆಸೆ ನನಗೆ ಬಹಳ ಇತ್ತು. ನರ್ಸರಿಯ ಟೀಚರು ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ ಎಂದಿದ್ದರು. ಆಗ ನಮ್ಮಲ್ಲಿ ಎಷ್ಟೋ ಮನೆಗಳು ಆ ಮಾತನ್ನು ವೇದವಾಕ್ಯವೆಂದು ನಂಬಿದ್ದವು. ಹಾಗಾಗಿ ನಾನು ಮಗಳಿಗೆ ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದೆ. ಹಿಮನದಿಗೆ ನಾನು ಗ್ಲೇಷಿಯರ್ ಎಂದರೆ ಅವಳು ಇಲ್ಲಿನವರಂತೆ ಗ್ಲ್ಯಾಸಿಯರ್ ಎಂದು ತಿದ್ದುತ್ತಿದ್ದಳು. ಎರಡು ನಿಮಿಷಕ್ಕೆ ಆಕಳಿಸಿ, ಬೇಲಿಯ ಸಂದಿಯಲ್ಲಿ ನುಸುಳಿ ಅಕ್ಕನ ಮನೆ ಸೇರುತ್ತಿದ್ದಳು. ಅಕ್ಕ ಅವಳೊಂದಿಗೆ ಇಂಗ್ಲಿಷ್ ಮಾತಾಡಲು ಒಮ್ಮೆಯೂ ಪ್ರಯತ್ನಿಸಲಿಲ್ಲ. ಅವರದು ಧಾರವಾಡದ ಕನ್ನಡ, ಇವಳದು ಇಂಗ್ಲಿಷ್ ಉತ್ತರ. ಗಂಟೆಗಟ್ಟಲೆ ನಡೆಯುತ್ತಿತ್ತು ಸಂಭಾಷಣೆ.

ಒಂದು ದಿನ ಕರೆಯಲು ಹೋದಾಗ ಮಗಳು ಅಡುಗೆಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಮಂಡಿಯೂರಿದ್ದಳು. ಅಕ್ಕ ಗುಜರಾತಿ ಅಂಗಡಿಯ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಉಂಡೆಯ ನಡುವೆ ಕಲ್ಲಿನ ಬದಲು ಸಾಸಿವೆ ಒತ್ತಿ, ರೊಟ್ಟಿ ತಟ್ಟುತ್ತಿದ್ದರು. ತಟ್ಟಿದಂತೆ ಹಿಟ್ಟು ಅಗಲವಾಗುತ್ತ, ಸಾಸಿವೆ ಕಾಳುಗಳು ಅಂಚಿನ ಕಡೆ ಹೊರಟವು.

“ನೋಡವ್ವಾ, ಸಾಸಿವಿ ತಾನ ನಡಕೋತ ಹೋಗಲಿಲ್ಲ. ಹಿಟ್ಟು ಸರೀತು, ತನ್ನ ಜೋಡಿ ಸಾಸಿವಿನೂ ಒಯ್ತು.”

ರೊಟ್ಟಿ ಎತ್ತಿದಾಗ ಒಣಹಿಟ್ಟು ಸುತ್ತಲೂ ಸಣ್ಣ ಏರಿಯಂತೆ ಉಳಿಯಿತು. ಹಿಮನದಿಯೂ ತನ್ನ ಅಂಚಿನಲ್ಲಿ ಹೀಗೇ ಮಣ್ಣಿನ ದಿಬ್ಬ ಬಿಟ್ಟು ಹೋಗುತ್ತದೆಂದು ನಾನೇ ಅಕ್ಕನಿಗೆ ಹೇಳಿದ್ದೆ. ಮಗಳು ಆ ಏರಿಯ ಮೇಲೆ ಬೆರಳಾಡಿಸುತ್ತಿದ್ದಳು, ಕಣ್ಣರಳಿಸಿ. ಹಿಮನದಿ ಹೀಗೆ ದುಂಡಗೆ ಹರಡುವುದಿಲ್ಲ, ಇಲ್ಲಿಗೆ ಬಂದದ್ದು ವಾಯವ್ಯದಿಂದ ಎಂದು ನಾನು ಬಾಗಿಲಲ್ಲಿ ನಿಂತು ತಿದ್ದಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ವಿದ್ಯೆ ನನ್ನದು, ಮಗಳೂ ನನ್ನವಳು, ಆ ಕಣ್ಣರಳಿಸಿದ ಮುಖ ಮಾತ್ರ ಅವರಿಗೆ!

ಮಗಳಿಗೆ ಎಂಟು ವರ್ಷವಾದಾಗ ಶಾಲೆಯಲ್ಲಿ ಊರಿನ ನೆಲದ ಬಗ್ಗೆ ಪಾಠ ಬಂತು. ಮನೆಯವರು ಯಾರಾದರೂ ಬಂದು ತರಗತಿಗೆ ಏನಾದರೂ ತೋರಿಸಿ ಹೇಳಬಹುದು ಎಂದರು. ಇಷ್ಟು ವರ್ಷಕ್ಕೆ ನನ್ನ ಕಾಲ ಬಂತೆಂದು ಕುಣಿದಾಡಿದೆ. ಡ್ರಾಯಿಂಗ್ ಶೀಟಿನಲ್ಲಿ ನಕ್ಷೆ ಬರೆದೆ, ಮಂಜು ಬಂದ ದಾರಿಗೆ ನೀಲಿ ಬಾಣ, ಮರಳುಗಲ್ಲಿಗೆ ಕೆಂಪು ಬಣ್ಣ. ಹಿಂದಿನ ದಿನ ಸಂಜೆ ಮಗಳು ಟಿವಿಯಿಂದ ಕಣ್ಣು ತೆಗೆಯದೆ, ಪಕ್ಕದ ಮನೆ ಆಂಟಿ ಬರುತ್ತಾರೆಂದು ಮಿಸ್‌ಗೆ ಹೇಳಿಯಾಗಿದೆ ಎಂದಳು.

ಅಕ್ಕ ತಾವಾಗಿಯೇ ಓಡಿ ಬಂದರು. “ನಂಗೇನ್ ಗೊತ್ತದ ತಂಗಿ? ನೀ ಹೋಗು. ನಾ ಬ್ಯಾರೆ ಏನರೆ ನೆವಾ ಹೇಳ್ತೀನಿ.”

“ಅಯ್ಯೋ, ಪರವಾಗಿಲ್ಲ ಅಕ್ಕಾ, ನೀವೇ ಹೋಗಿ,” ಎಂದೆ ನಗುತ್ತ. ಇನ್ನೊಂದು ಸಲ ಬಲವಂತ ಮಾಡುತ್ತಾರೆ, ಆಗ ಒಪ್ಪಿಕೊಳ್ಳೋಣ ಎಂದು ಕಾದೆ. ನಮ್ಮ ಕಡೆ ಕಾಫಿ ಬೇಕೆಂದರೂ ಮೊದಲು ಬೇಡ ಎನ್ನುವುದಲ್ಲವೆ? ಅಕ್ಕ ನನ್ನ ಮಾತನ್ನು ಹಾಗೇ ನಂಬಿ, ಹಿಟ್ಟು ತರಲು ಹೋದರು.

ತರಗತಿಯಲ್ಲಿ ನಾನು ಉಳಿದ ತಾಯಂದಿರ ಜೊತೆ ಹಿಂದೆ, ಮಕ್ಕಳ ಕೋಟು ನೇತುಹಾಕುವ ಜಾಗದಲ್ಲಿ ನಿಂತಿದ್ದೆ. ಅಕ್ಕ ಇಳಕಲ್ ಸೀರೆಯ ಮೇಲೆ ಕಾರ್ಡಿಗನ್ ಹಾಕಿ, ಹರಕು ಮುರುಕು ಇಂಗ್ಲಿಷಿನಲ್ಲಿ, ಮೇಜಿನ ಮೇಲೆ ರೊಟ್ಟಿ ತಟ್ಟಿದರು. ಮಕ್ಕಳೆಲ್ಲ ಮುಗಿಬಿದ್ದರು. ಕೊನೆಗೆ ಅಕ್ಕ ನನ್ನತ್ತ ಕೈ ಮಾಡಿ, ಇದನ್ನೆಲ್ಲ ತಮಗೆ ಕಲಿಸಿದವರು ಇವರೇ ಎಂದರು. ತರಗತಿಗೆ ತರಗತಿಯೇ ತಿರುಗಿ ನನ್ನನ್ನು ನೋಡಿತು. ನನ್ನ ಮಗಳೊಬ್ಬಳು ಮಾತ್ರ ತಿರುಗಲಿಲ್ಲ. ಅವಳು ಹಿಟ್ಟನ್ನೇ ನೋಡುತ್ತಿದ್ದಳು.

ಕೆಲವು ವರ್ಷಗಳಲ್ಲಿ ಅಕ್ಕನ ಯಜಮಾನರಿಗೆ ಲೀಡ್ಸ್‌ನಲ್ಲಿ ಕೆಲಸವಾಗಿ ಅವರು ಮನೆ ಮಾರಿ ಹೋದರು. ಆ ದಿನ ನನಗೆ ಹಗುರವಾಯಿತು ಎಂದರೆ ಸುಳ್ಳಲ್ಲ. ಆದರೆ ಮಗಳು ಓದಲು ಆರಿಸಿಕೊಂಡದ್ದು ಭೂವಿಜ್ಞಾನವನ್ನು, ಅದೂ ಲೀಡ್ಸ್‌ನಲ್ಲಿ. ವಾರಾಂತ್ಯಕ್ಕೆ ಅಕ್ಕನ ಮನೆಗೆ ಹೋಗುತ್ತಿದ್ದಳು. ನನಗೆ ಫೋನ್ ಮಾಡಿದಾಗ ಹವೆಯ ಬಗ್ಗೆ ಮಾತಾಡುತ್ತಿದ್ದಳು…

ಹೋದ ಚಳಿಗಾಲ ಅಕ್ಕ ತೀರಿಕೊಂಡರು. ಸುದ್ದಿ ಮೊದಲು ಬಂದದ್ದು ನಮಗೆ; ಮಗಳಿಗೆ ಹೇಳಬೇಕಾದವಳು ನಾನು. ಅವಳು ಆಗ ಯಾವುದೋ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಳು. ಜನರ ನಡುವೆಯೇ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ಗಂಟಲಲ್ಲಿದ್ದ ಪ್ರಶ್ನೆಯನ್ನು ಆಗ ಕೇಳಬಾರದಿತ್ತೇನೋ, ಕೇಳಿಬಿಟ್ಟೆ: ನಾನಿದ್ದೆನಲ್ಲ, ಅವರೇ ಯಾಕೆ?

ರೈಲಿನ ಸದ್ದಿನ ನಡುವೆ ಮಗಳು ತನ್ನ ಇಂಗ್ಲಿಷಿನಲ್ಲಿ ಹೇಳಿದಳು: ನೀನು ಹೇಳಿ ಮುಗಿಸಿ, ನನಗೆ ಅರ್ಥವಾಯಿತೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೆ ಅಮ್ಮ. ಆಂಟಿ ತಮಗೆ ಗೊತ್ತಿಲ್ಲ ಅಂತ ನನ್ನನ್ನು ಕೇಳುತ್ತಿದ್ದರು. ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಫೋನಿಟ್ಟ ಮೇಲೆ ಹೊಳೆಯಿತು. ಈ ದೇಶದಲ್ಲಿ ನನ್ನನ್ನು ಹಾಗೆ ಕೇಳಿ, ಉತ್ತರಕ್ಕೆ ಕಾದವರು ಕೂಡ ಅವರೊಬ್ಬರೇ. ಗಂಡ ಕೇಳಿರಲಿಲ್ಲ, ಮಗಳು ಕೇಳಿರಲಿಲ್ಲ. ನನಗೂ ಅವಳಂತೆ ಗಟ್ಟಿಯಾಗಿ ಅಳಬೇಕಿತ್ತು. ಆದರೆ ಅಷ್ಟು ವರ್ಷ ಅವರನ್ನು ಕಂಡು ಉರಿದವಳಿಗೆ ಅಳು ಹೇಗೆ ಬಂದೀತು? ಜನರೆದುರು ನಾಚಿಕೆಯಿಲ್ಲದೆ ಅತ್ತ ಮಗಳನ್ನು ನೆನೆದು ನನಗೆ ಆ ದಿನವೂ ಹೊಟ್ಟೆಕಿಚ್ಚೇ ಆಯಿತು. ಇವತ್ತಿಗೂ ಆರಿಲ್ಲ.