ಹೆಗ್ಗಣ ಹಿಡಿಯದ ಬೇಟೆನಾಯಿ

ಮುಂಬಯಿಯ ಭಾಂಡುಪಿನ ನಮ್ಮ ಚಾಳಿನಲ್ಲಿ ಹೆಂಡತಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನಮ್ಮ ಕಡೆಯವರು ಕುರ್ಲಾದಿಂದಲೂ ಬಂದು ಒಯ್ಯುತ್ತಾರೆ. ಹೋದ ವರ್ಷ ಹೆಗ್ಗಣವೊಂದು ಅವಳ ಹಿಟ್ಟಿನ ಚೀಲಕ್ಕೆ ಗಂಟುಬಿದ್ದಿತು. ಅದೇ ಹೊತ್ತಿಗೆ ಅವಳ ತಮ್ಮ ಮುಧೋಳದ ಬೇಟೆನಾಯಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದ. ಇನ್ನೂ ಎಳೆಯದು, ಮೈಯಲ್ಲಿ ಮುಕ್ಕಾಲು ಪಾಲು ಕಾಲೇ. ಕಾಡಿ ಬೇಡಿ ತರಿಸಿಕೊಂಡವನು ನಾನು. ಅವನೇ ಪ್ರೀತಿಯಿಂದ ತಂದನೆಂದು ಅವಳಿಗೆ ಹೇಳಿದೆ. ನಾನು ಒಪ್ಪಿಕೊಳ್ಳಬೇಕಾದ ತಪ್ಪುಗಳಲ್ಲಿ ಇದೇ ಸಣ್ಣದು.

"ಇದು ಓಡೋ ಮೊಲಾನ ಹಿಡಿಯೋ ಜಾತಿ. ಹೆಗ್ಗಣ ಏನ್ ಮಹಾ!" ಅಂದೆ.

"ಹಂಗಾರ ದೀಪಾವಳಿಯೊಳಗ ಹಿಡೀಲಿ. ಇಲ್ಲಾಂದ್ರ ಬಂದ ಬಸ್ಸಿನ್ಯಾಗ ವಾಪಸ್ ಹೋಗ್ಲಿ," ಅಂದಳು.

ನನ್ನ ಅಜ್ಜ ನಾಯಿಗಳನ್ನು ಪಳಗಿಸುತ್ತಿದ್ದ. ಬೆನ್ನಟ್ಟಲು ಮೊದಲು ಬಟ್ಟೆ, ಆಮೇಲೆ ಇಲಿ, ಹೆಗ್ಗಣ, ಕೊನೆಗೆ ಮೊಲ, ಇದು ಅವನ ಕ್ರಮ. ಮೊಲ ಹಿಡಿಯುವುದು ಈಗ ಕಾನೂನಿಗೆ ವಿರುದ್ಧ. ನನಗೆ ಹೆಗ್ಗಣದವರೆಗೆ ಹೋದರೆ ಸಾಕಿತ್ತು. ಬಟ್ಟೆ ಕಣ್ಣಿಗೆ ಹೊಡೆಯುವಂತಿರಬೇಕು. ಹೆಂಡತಿಯ ಟ್ರಂಕಿನ ತಳದಲ್ಲಿ ಹಳೆಯ ಇಳಕಲ್ ಸೀರೆಯಿತ್ತು. ಅದರ ಕೆಂಪು ಸೆರಗಿನಿಂದ ಒಂದು ತುಂಡು ಕತ್ತರಿಸಿಕೊಂಡೆ.

ಮುಚ್ಚಿದ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಆ ತುಂಡನ್ನು ಹಗ್ಗಕ್ಕೆ ಕಟ್ಟಿ ಎಳೆದೆ. ನಾಯಿ ಓಡಿತು. ಅದನ್ನು ಓಟ ಅನ್ನಬಾರದು. ನಾಲ್ಕು ಕಾಲೂ ನೆಲ ಬಿಟ್ಟು, ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಂಡು, ನನ್ನನ್ನು ದಾಟಿ ಹೋದಾಗ ಪಂಚೆ ಗಾಳಿಗೆ ಎದ್ದಿತು. ಕ್ರಿಕೆಟ್ ಆಡುತ್ತಿದ್ದವರು ಬ್ಯಾಟು ಕೆಳಗಿಟ್ಟು ಶಿಳ್ಳೆ ಹೊಡೆದರು. ಮೊಣಕಾಲು ನೋವಿನ ಮುದುಕ ನಾನು, ಹೋ ಎಂದು ಕಿರುಚುತ್ತ ಹಿಂದೆಯೇ ಓಡಿದೆ. ಸಿಕ್ಕ ಬೇಟೆಯನ್ನು ತಂದು ಯಜಮಾನನ ಕಾಲ ಬಳಿ ಇಡುವುದನ್ನೂ ಕಲಿಸಿದೆ.

ಆದರೆ ಗಟಾರದ ಹತ್ತಿರ ಒಯ್ದರೆ ಅದು ದೂರದ ನೀರಿನ ಟ್ಯಾಂಕ್ ನೋಡುತ್ತ ನಿಂತಿತು. ಹೆಗ್ಗಣ ಅದರ ಹೊಟ್ಟೆಯ ಕೆಳಗೇ ದಾಟಿ ಹೋಯಿತು! ಈ ಜಾತಿ ಕಣ್ಣಿನಿಂದ ಬೇಟೆಯಾಡುವಂಥದು, ಮೂಗಿನಿಂದಲ್ಲ. ಬಯಲಿನಲ್ಲಿ ದೂರ ಓಡುವುದು ಮಾತ್ರ ಅದಕ್ಕೆ ಬೇಟೆ.

ಕಲಿಯದ ನಾಯಿಯನ್ನು ಅಜ್ಜ ನುರಿತ ನಾಯಿಯ ಜೊತೆ ಒಂದೇ ಪಟ್ಟಿಗೆ ಕಟ್ಟಿ ಬಿಡುತ್ತಿದ್ದ. ಅದನ್ನು ನೋಡಿ ಇದು ಕಲಿಯುತ್ತಿತ್ತು. ನನಗೆ ಸಿಕ್ಕ ನುರಿತ ನಾಯಿಯೆಂದರೆ ನಮ್ಮ ಗಲ್ಲಿಯ ಮುದಿ ಹೆಣ್ಣುನಾಯಿ. ಅದು ಹೆಗ್ಗಣ ಹಿಡಿಯುವುದನ್ನು ಕಣ್ಣಾರೆ ಕಂಡಿದ್ದೆ. ಮಟನ್ ತುಂಡು ತೋರಿಸಿ ಎರಡನ್ನೂ ಜೋಡಿ ಕಟ್ಟಿದೆ. ಆ ಮುದುಕಿಗೆ ಹೆಗ್ಗಣಕ್ಕಿಂತ ದೊಡ್ಡ ವೈರಿ ಕಸದ ಗಾಡಿ ಎಂಬುದು ನೆನಪಾದದ್ದು ಗಾಡಿ ಬಂದಾಗಲೇ. ಎರಡೂ ಹಾರಿದವು. ಹಗ್ಗ ಹಿಡಿದಿದ್ದ ನಾನು ಮೀನಿನವಳ ಬುಟ್ಟಿ ದಾಟಿ, ಇಸ್ತ್ರಿಯವನ ಮೇಜು ಸುತ್ತಿ, ಚಪ್ಪಲಿ ಕಳಕೊಂಡು ಹೋದೆ. "ಕಾಕಾ, ಕುತ್ತೆ ಕೋ ಘುಮಾ ರಹೇ ಹೋ ಯಾ ಕುತ್ತಾ ಆಪ್ ಕೋ?" ಎಂದು ಗಾಡಿಯ ಡ್ರೈವರ್ ನಕ್ಕ. ನಾಯಿಯನ್ನು ನಾನು ಸುತ್ತಾಡಿಸುತ್ತಿದ್ದೇನೋ, ನಾಯಿ ನನ್ನನ್ನೋ ಎಂಬುದು ಅವನ ಪ್ರಶ್ನೆ. ಅಂದಿನಿಂದ ಮುಧೋಳದ ನಾಯಿ ದಿನವೂ ಕಸದ ಗಾಡಿಯನ್ನು ಬೇಟೆಯಾಡತೊಡಗಿತು. ಮುದುಕಿ ಹಿಂದೆ ಬೀಳುತ್ತಿತ್ತು. ಇದು ಗಾಡಿಯನ್ನೇ ಹಿಂದೆ ಹಾಕುತ್ತಿತ್ತು.

ದೀಪಾವಳಿ ಹತ್ತಿರ ಬಂತು. ನನಗೆ ದಿಕ್ಕು ತೋಚಲಿಲ್ಲ. ಸ್ಟೇಷನ್ ಬಳಿ ಸತ್ತುಬಿದ್ದಿದ್ದ ಹೆಗ್ಗಣವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ನಾಯಿಯ ಮುಂದಿಟ್ಟು, "ಬಾ, ನೋಡ್ ಬಾ! ಹಿಡೀತು!" ಎಂದು ಕೂಗಿದೆ. ಅವಳು ಬಗ್ಗಿ ನೋಡಿದಳು. ರೊಟ್ಟಿಗೆ ತುಪ್ಪ ಸವರಿ ನಾಯಿಗೆ ಹಾಕಿದಳು. ನಾನು ಮೀಸೆ ತಿರುವಿದೆ.

ಮರುದಿನ ಬೆಳಿಗ್ಗೆ ಹಿಟ್ಟಿನ ಚೀಲದ ಪಕ್ಕದಲ್ಲಿ ಇನ್ನೊಂದು ಹೆಗ್ಗಣ ಸತ್ತು ಬಿದ್ದಿತ್ತು. ಜೊತೆಗಾರನನ್ನು ಹುಡುಕಿಕೊಂಡು ಒಳಬಂದಿದ್ದ ಮುದಿ ನಾಯಿ ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ಅಲ್ಲೇ ಮಲಗಿತ್ತು.

"ಇದು ಖರೇ ಹೆಗ್ಗಣ," ಅಂದಳು ಹೆಂಡತಿ. "ನಿನ್ನೆ ನಿಮ್ಮ ನಾಯಿ ಹಿಡದದ್ದಕ್ಕ ಇರುವಿ ಹತ್ತಿದ್ವು."

ತಲೆ ತಗ್ಗಿಸಿ ಹೆಗ್ಗಣದ ಸುಳ್ಳನ್ನೂ ಭಾವಮೈದುನನ ಸುಳ್ಳನ್ನೂ ಒಪ್ಪಿಕೊಂಡೆ. "ಇದನ್ನ ಬಸ್ಸಿಗೆ ಹಾಕ್ತೀಯೇನು?" ಎಂದೆ.

"ಅದಕ್ಕ ಏನ್ ಬರ್ತೈತಿ, ಅದನ್ನರ ತೋರಸ್ರಿ."

ಮೈದಾನಕ್ಕೆ ಕರೆದೊಯ್ದೆ. ಹಗ್ಗ ಹಿಡಿದು ನಾನು ಓಡಿದೆ, ನಾಯಿ ಹಾರಿತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕುಣಿಕುಣಿದು ಚಪ್ಪಾಳೆ ತಟ್ಟಿದಳು. "ಅಯ್ಯಯ್ಯ, ಹೆಂಗ್ ಹಾರ್ತೈತಿ ನೋಡ್ರಿ! ಇರ್ಲಿ, ಇದು ಇಲ್ಲೇ ಇರ್ಲಿ!"

ಅಷ್ಟರಲ್ಲಿ ನಾಯಿ ಬೇಟೆಯನ್ನು ಹಗ್ಗದಿಂದ ಕಿತ್ತುಕೊಂಡಿತು. ಯಜಮಾನ ಯಾರೆಂದು ತುಪ್ಪ ತಿಂದ ದಿನವೇ ಅದಕ್ಕೆ ತಿಳಿದಿತ್ತು. ನೇರವಾಗಿ ಹೋಗಿ ಅವಳ ಕಾಲ ಬಳಿ ಇಟ್ಟಿತು.

ಅವಳು ಎತ್ತಿಕೊಂಡು ಬಿಡಿಸಿ ನೋಡಿದಳು. "ಇದು ನಮ್ಮವ್ವ ಕೊಟ್ಟ ಇಳಕಲ್ ಸೀರಿ ಸೆರಗಲ್ಲೇನ್ರೀ?"

ನಾನು ಓಡತೊಡಗಿದೆ. ಹಿಂದೆ ಅವಳು, ಅವಳ ಹಿಂದೆ ನಾಯಿ. ಇಬ್ಬರಲ್ಲಿ ಮೊದಲು ನನ್ನ ಪಂಚೆ ಹಿಡಿದದ್ದು ನಾಯಿ.